ಗೌರಿ ಉಡಿಯೊಳಗಿನ ಅರಿಸಿನ ಬೇರು

ತಡೀರಿ, ಬೆರಳು ಅಲ್ಲೇ ನಿಲ್ಲಸ್ರಿ. ಇದರಾಗ ಒಂದು ಹಳದಿ ಖಣದ ಗಂಟು ಬರತದ, ಅದನ್ನ ನಾ ಈಗ ಬಿಚ್ಚೂದಿಲ್ಲ. ಹೋದ ಮಳಿಗಾಲದಾಗ ಅದು ಮೂರು ತಿಂಗಳು ಬಿಚ್ಚದೇ ಇತ್ತು. ನಿಮಗ ಹತ್ತು ನಿಮಿಷ ಕಾಯೂದು ಭಾರ ಆಗೂದಿಲ್ಲ.

ಮೊನ್ನೆ ನಾಶಿಕದಾಗ ನಮ್ಮ ದೊಡ್ಡಮ್ಮನ ಮಗಳ ಕುಬಸ, ಅಂದ್ರ ಸೀಮಂತ ಇತ್ತು. ಹಸರ ಸೀರಿ ಉಟ್ಟು ಮಣಿ ಮ್ಯಾಲೆ ಕೂತಿದ್ಲು. ಹೆಣ್ಮಕ್ಕಳು ಒಬ್ಬೊಬ್ಬರೇ ಬಂದು ಉಡಿ ತುಂಬಲತ್ತಿದ್ರು. ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಅಡಕಿ, ಅರಿಸಿನ ಬೇರು. ನನ್ನ ಪಾಳಿ ಬಂತು, ಬಗ್ಗಿದೆ. ಆ ಎಲ್ಲಾ ಕೂಡಿದ ವಾಸನಿ ಮೂಗಿಗೆ ಬಡೀತು. ನನಗ ಗೊತ್ತಿಲ್ಲದೇ ನಾ ಕೈಯಾಗಿನ ಅರಿಸಿನ ಬೇರನ್ನ ಎರಡು ಬೆರಳಿಂದ ಒತ್ತಿ ನೋಡಿದೆ. ಗಟ್ಟಿ ಅದ ಏನು ಅಂತ. ಇನ್ನೊಮ್ಮೆ ಒತ್ತಿದೆ.

"ಏ ಪಲ್ಲವಿ, ಬಾಜಾರಕ್ಕ ಬಂದೀಯೇನು ಒತ್ತಿ ನೋಡಲಾಕ? ಲಗೂನ ತುಂಬು," ಅಂದ್ರು ದೊಡ್ಡಮ್ಮ. ಎಲ್ಲಾರೂ ನಕ್ರು, ನಾನೂ ನಕ್ಕೆ. ಮನಿಗೆ ಬಂದು ಮೂರು ಸಲ ಕೈ ತೊಳಕೊಂಡೆ. ಆಮ್ಯಾಲೆ ಇದನ್ನ ಟೈಪ್ ಮಾಡಲಾಕ ಕೂತೆ.

ನನ್ನ ಬಗ್ಗೆ ಭಾಳ ಏನಿಲ್ಲ. ಅಪ್ಪ ಭಾಲ್ಕಿ ಕಡ್ಯಾವ್ರು, ಸಾತಪುರದ ಫ್ಯಾಕ್ಟರಿ ಕೆಲಸಕ್ಕಂತ ನಾಶಿಕಕ್ಕ ಬಂದವ್ರು. ನಾ ಹುಟ್ಟಿದ್ದು ಇಲ್ಲೇ. ಮನ್ಯಾಗ ಕನ್ನಡ, ಗೇಟ್ ದಾಟಿದ್ರ ಮರಾಠಿ. ಓದಿದ್ದು ಬಿ.ಕಾಂ. ಆದ್ರ ತಲಿ ಪೂರಾ ಮ್ಯೂಸಿಯಂದಾಗ. ಯಾರೂ ಕಲಸಿಲ್ಲ ರೀ, ವಿಡಿಯೋ ನೋಡಿ, ಲೈಬ್ರರಿಯಾಗ ಧೂಳ ಹಿಡದ ಪುಸ್ತಕ ಓದಿ, ಹಳೇ ಕಾಗದ ಹೆಂಗ ಕಾಯಬೇಕು, ಕಟ್ಟಿಗಿ ಹೆಂಗ ಒರಸಬೇಕು, ಎಲ್ಲಾ ನಾನೇ ಕಲ್ತೆ. ಪತ್ರ ಬರದು ಬರದು ಕಡೀಕ ಸಂಭಾಜಿನಗರದಾಗ ವೇರೂಳ್ ರೋಡಿನ ಮ್ಯಾಲಿರೋ ಒಂದು ಸಣ್ಣ ಖಾಸಗಿ ಮ್ಯೂಸಿಯಂದಾಗ ಕೆಲಸ ಸಿಕ್ತು. ಅದರ ಹೆಸರು ಇಲ್ಲಿ ಬ್ಯಾಡ. ಅಲ್ಲಿ ಸಂಗ್ರಹ ನೋಡಕೊಳ್ಳಾವ್ರು ವೈಶಾಲಿ ಮೇಡಂ, ಅವರ ಕೈಕೆಳಗ ನಾ ಒಬ್ಬಾಕೀನೇ.

ಮಂದಿ ತಿಳಕೊಂಡಿರತಾರ, ಮ್ಯೂಸಿಯಂ ಅಂದ್ರ ಚಂದ ಕಂಡದ್ದು ತಂದು ಗ್ವಾಡಿಗೆ ಹಾಕೂದು ಅಂತ. ಅಲ್ರಿ. ಒಂದು ವಸ್ತು ಒಳಗ ಬರೂದು ಅಂದ್ರ ಒಂದು ಸೊಸಿ ಮನಿಗೆ ಬಂದಂಗ. ಮೊದಲ ಯಾರರ ಹೆಸರು ಹೇಳಬೇಕು. ಆಮ್ಯಾಲೆ ಹೋಗಿ ನೋಡಬೇಕು, ಇದು ಯಾರದು, ಎಲ್ಲಿಂದ ಬಂತು, ಕೊಡಾವ್ರಿಗೆ ಕೊಡೂ ಹಕ್ಕು ಅದ ಇಲ್ಲ ಅಂತ ವಿಚಾರಿಸಬೇಕು. ಫೋಟೋ ತಗೀಬೇಕು. ಎಲ್ಲಿ ಬಿರಕು, ಎಲ್ಲಿ ಕಲಿ ಅಂತ ಒಂದು ಫಾರ್ಮ್ ತುಂಬಬೇಕು. ತಂದ ಮ್ಯಾಲೆ ಸೀದಾ ಒಳಗ ಬಿಡೂದಿಲ್ಲ. ಹಿಂದ ಒಂದು ಖೋಲಿ ಅದ, ನಾವು ಕ್ವಾರಂಟೈನ್ ಖೋಲಿ ಅಂತೀವಿ. ಅಲ್ಲಿ ಪ್ಲಾಸ್ಟಿಕ್ಕಿನಾಗ ಸುತ್ತಿ, ಟೇಪ್ ಹಚ್ಚಿ, ಆರು ವಾರ ಕೂಡಸಬೇಕು. ಯಾಕಂದ್ರ ಹಳೇ ಸಾಮಾನಿನಾಗ ಹುಳ ಇದ್ರ ಅಲ್ಲೇ ಗೊತ್ತಾಗಬೇಕು, ಒಳಗ ಹೋಗಬಾರದು. ಹುಳ ಇಲ್ಲ ಅಂತ ಖಾತ್ರಿ ಆದ ಮ್ಯಾಲೆ ಕಮಿಟಿ ಕೂತು ನೋಡತದ. ಅವರು ಹೂಂ ಅಂದ್ರ ದಾನಪತ್ರ, ಸಹಿ, ಆಮ್ಯಾಲೆ ದೊಡ್ಡ ರಜಿಸ್ಟರಿನಾಗ ನಂಬರ್. ನಂಬರ್ ಬಿತ್ತಂದ್ರ ರೇಶನ್ ಕಾರ್ಡಿನಾಗ ಹೆಸರು ಸೇರಿದಂಗ, ಮನಿ ಮಂದಿ ಆತು ಅದು. ನಂಬರ್ ಬೀಳೂ ತನಕ ಅದು ಕೊಟ್ಟವರದೂ ಅಲ್ಲ, ನಮ್ಮದೂ ಅಲ್ಲ. ಆ ನಡುವಿನ ದಿನಗಳ ಕಥಿ ಇದು.

ಹೋದ ಆಷಾಢದಾಗ ನಾ ಎರಡು ಹೆಸರು ಹೇಳಿದ್ದೆ. ಒಂದು, ನಮ್ಮ ಶಿರಸಾಠ ಸರ್.

ಶಿರಸಾಠ ಸರ್ ಶಾಲ್ಯಾಗ ನಮಗ ಚಿತ್ರಕಲೆ ಕಲಸಿದವ್ರು. ಪಂಚವಟಿಯಾಗ ಮನಿ. ನಾಶಿಕದಾಗ ಗೋದಾವರಿಗೆ ಮಹಾಪೂರ ಬಂತಂದ್ರ ಮಂದಿ ಟಿ.ವಿ. ನೋಡೂದಿಲ್ಲ, ರಾಮಕುಂಡದ ಬಲ್ಲಿ ನಿಂತಿರೋ ಎರಡು ಮಾರಿಯ ದುತೋಂಡ್ಯಾ ಮಾರುತಿನ್ನ ನೋಡತಾರ. ನೀರು ಮಾರುತಿ ಮಣಕಾಲಿಗೆ ಬಂತು, ಟೊಂಕಕ್ಕ ಬಂತು, ಎದಿಗೆ ಬಂತು, ಹಂಗ ಲೆಕ್ಕ. ಸರ್ ಹರೇದಾಗಿಂದ ಪ್ರತಿ ಪೂರಕ್ಕೂ ಒಂದೇ ಮಾಳಿಗಿ ಮ್ಯಾಲೆ, ಒಂದೇ ಮೂಲ್ಯಾಗ ಕೂತು ಆ ಮಾರುತಿ, ಆ ನೀರು, ನೀರಿನ ಬಣ್ಣದಾಗ ತಗದಾರ. ಮೂವತ್ತೊಂದು ಹಾಳಿ. ಒಂದರ ಪಕ್ಕ ಒಂದು ಇಟ್ರ ನದಿ ಏರೂದು ಇಳಿಯೂದು ಕಣ್ಣಿಗೆ ಕಾಣತದ. ಯಾರಿಗೂ ಮಾರಿಲ್ಲ, ಎಲ್ಲೂ ತೋರಿಸಿಲ್ಲ.

ಅವುನ್ನ ಕೊಡ್ರಿ ಅಂತ ನಾ ಒಂದು ವರ್ಷ ಬೆನ್ನ ಹತ್ತಿದ್ದೆ. ಸರ್ ನಗತಿದ್ರು. ನನ್ನ ಕಪಾಟ ನೋಡು ಅಂತ ಸ್ಟೀಲ್ ಕಪಾಟದ ಬಾಗಿಲ ತಗದು ತೋರಸತಿದ್ರು. ಒಳಗ ಬೇವಿನ ಎಲಿ, ಲವಂಗ ಕಟ್ಟಿದ ಅರಬಿ ಗಂಟು. ಇಷ್ಟು ವರ್ಷದಾಗ ಒಂದು ಇರಬಿ ಸೈತ ಹೊಕ್ಕಿಲ್ಲ, ನಿಮ್ಮ ಏಸಿ ಖೋಲಿ ಇದಕ್ಕಿಂತ ಚಲೋ ಅದ ಏನು ಅಂತ ಕೇಳತಿದ್ರು. ನಾ ಪುಸ್ತಕದಾಗ ಓದಿದ್ದೆಲ್ಲಾ ಒದರತಿದ್ದೆ. ಹಾಳಿಗಳನ್ನ ಸರ್ ತಾವೇ ಮೈದಾ ಕುದಿಸಿ, ಅಂಟು ಮಾಡಿ, ದಪ್ಪ ರಟ್ಟಿಗೆ ಹಚ್ಚಿದ್ರು. ಹಿಟ್ಟಿನ ಅಂಟು ಹುಳಕ್ಕ ಊಟ ಸರ್, ಮನ್ಯಾಗ ಇಡಬ್ಯಾಡ್ರಿ, ನಮ್ಮ ಬಲ್ಲಿ ಸುರಕ್ಷಿತ ಇರತಾವ ಅಂದೆ. ಹಂಗ ಅಂದಾಕಿ ನಾನೇ.

ಕಡೀಕ ಒಪ್ಪಿದ್ರು. ಟೆಂಪೋ ತಗೊಂಡು ಹೋದ ದಿನ ಧೋ ಅಂತ ಮಳಿ. ಸರ್ ಹಾಳಿಗಳನ್ನ ದೊಡ್ಡ ರಟ್ಟಿನ ಫೋಲಿಯೋದಾಗ ಇಟ್ಟು, ಮ್ಯಾಲೆ ತಮ್ಮ ರೇನ್‌ಕೋಟ್ ಹೊಚ್ಚಿ, ತಾವು ತೋಯಿಸಕೊಂಡು ಗಾಡಿ ತನಕ ಬಂದ್ರು. "ಶಾಲ್ಯಾಗ ನೀ ತಪ್ಪು ಮುಚ್ಚಲಾಕ ಬಣ್ಣದ ಮ್ಯಾಲೆ ಬಣ್ಣ ಬಳದು ಕೆಸರು, ಚಿಖಲ ಮಾಡತಿದ್ದಿ," ಅಂದ್ರು ಮರಾಠಿಯಾಗ. "ಇವುಕ್ಕ ಹಂಗ ಮಾಡಬ್ಯಾಡ. ಕೈ ಹಚ್ಚದೇ ಇಟ್ಟುಕೋ, ಸಾಕು."

ಅದೇ ಟೆಂಪೋ ವಾಪಸ್ ಬರೂ ಹಾದ್ಯಾಗ ಲಾಸಲಗಾಂವಕ್ಕ ಹೋತು. ನನ್ನ ಎರಡನೇ ಹೆಸರು ಅಲ್ಲಿತ್ತು.

ನೀಲಮ್ಮ ಕಾಕು ಕಲಬುರಗಿ ಕಡ್ಯಾವ್ರು. ಗಂಡನ ಮನಿಯವ್ರು ತಲಿತಲಿಯಿಂದ ಉಳ್ಳಾಗಡ್ಡಿ ವ್ಯಾಪಾರಕ್ಕ ಲಾಸಲಗಾಂವದಾಗ ನೆಲಿ ನಿಂತವ್ರು. ಅವರ ಮನ್ಯಾಗ ಒಂದು ಕಿನ್ನಾಳ ಕೆಲಸದ ಕಟ್ಟಿಗಿ ಗೌರಿ ಇತ್ತು. ಟೊಂಕದ ಮ್ಯಾಲೆ ಬಣ್ಣದ ಮೈ, ದೊಡ್ಡ ಕಣ್ಣು, ಕೆಳಗ ಟೊಳ್ಳ ಡಬರಿಯಂಗ, ಹಿಂದ ಸಣ್ಣ ಮುಚ್ಚಳ. ಹಬ್ಬದಾಗ ಆ ಟೊಳ್ಳಿನಾಗ ಗೋಧಿ ತುಂಬಿ ಕೂಡಸತಿದ್ರು. ಗೌರಿ ಯಾವಾಗ್ಲೂ ಜೋಡಿ, ಅಕ್ಕ ತಂಗಿ. ಅಕ್ಕ ವೈಜಾಪುರದಾಗ ಕಾಕು ಮೈದುನರ ಮನ್ಯಾಗ ಇದ್ಲು, ಹಬ್ಬಕ್ಕ ಇಬ್ಬರನ್ನೂ ಒಂದೇ ಕಡೆ ಕೂಡಸತಿದ್ರು. ಅವರು ಮನಿ ಬದಲಾಯಿಸೂ ಮುಂದ ಅಕ್ಕ ಬಿದ್ದು ಮಾರಿ ಎರಡು ಹೋಳಾತು. ಒಡದದ್ದನ್ನ ಗಂಗಿಗೆ ಬಿಟ್ರು. ಒಂಟಿ ಗೌರಿ ಪೂಜಿಗೆ ಬರೂದಿಲ್ಲ, ಮನ್ಯಾಗ ಇಡಲೂಬಾರದು ಅಂತ ಹಿರ್‍ಯಾರ ಮಾತು. ಹಂಗಂತ ಗಟ್ಟಿ ಇರಾಕಿನ್ನ ನೀರಿಗೆ ನೂಕಲಾಕ ಕಾಕುಗೆ ಮನಸಾಗಲಿಲ್ಲ.

ನಾವು ಹೋಗೂದ್ರಾಗ ಗೌರಿಗೆ ಹೊಸ ಸೀರಿ ಉಡಿಸಿ ಕೂಡಸಿದ್ರು. ಓಣಿ ಹೆಣ್ಮಕ್ಕಳು ನಾಲ್ಕೈದು ಮಂದಿ ಬಂದಿದ್ರು. ಹೊರಗ ಉಳ್ಳಾಗಡ್ಡಿ ಕೊಳತ ವಾಸನಿ, ಒಳಗ ಊದಿನಕಡ್ಡಿ. ಕಾಕು ಹಳದಿ ಖಣದಾಗ ಅಕ್ಕಿ, ಕೊಬ್ಬರಿ, ಉತ್ತತ್ತಿ, ಐದು ಅರಿಸಿನ ಬೇರು ಹಾಕಿ ಗಂಟು ಕಟ್ಟಿ, ಹಿಂದಿನ ಮುಚ್ಚಳ ತಗದು ಅಕಿ ಹೊಟ್ಯಾಗ ಇಟ್ರು.

ನನಗ ನಿಯಮ ಗೊತ್ತಿತ್ತು. ತಿನ್ನೂ ಪದಾರ್ಥ ಒಂದು ಕಾಳು ಸೈತ ಒಳಗ ಬರಬಾರದು. ಹೇಳಿದೆ ಕೂಡ. ಕಾಕು ನನ್ನ ಗದ್ದ ಹಿಡದ್ರು.

"ನೀ ನಮ್ಮ ಕಡೀ ಹುಡುಗಿ, ಅದಕ್ಕ ನಿನ್ನ ಕೈಯಾಗ ಕೊಡಲತ್ತೀನಿ. ಮಗಳನ್ನ ತವರಿಂದ ಖಾಲಿ ಉಡೀಲೆ ಹೆಂಗ ಕಳಸಲಿ? ಆ ಮನಿಯವ್ರು ಅಕಿನ್ನ ತಮ್ಮಾಕಿ ಅಂತ ಒಳಗ ಕರಕೊಳ್ಳಲಿ, ಅವತ್ತು ನೀನೇ ಬಿಚ್ಚು. ಅದಕ್ಕೂ ಮೊದಲ ಬ್ಯಾಡವ್ವ, ಹಾದ್ಯಾಗ ಉಡಿ ಬಿಚ್ಚಿದ್ರ ಮನಿ ಮುಟ್ಟೂದಿಲ್ಲ."

ನಾ ಹೂಂ ಅಂದೆ. ನಮ್ಮವ್ವ ಪ್ರತಿ ಸಲ ತವರಿಂದ ಬರೂ ಮುಂದ ಹಂಗೇ ಸೆರಗಿನಾಗ ಗಂಟು ಕಟ್ಟಿಕೊಂಡು ಬಸ್ಸಿನಾಗ ಕೂಡತಿದ್ಲು, ನಾಶಿಕ ಮುಟ್ಟಿ ದೇವರ ಮುಂದ ಬಿಚ್ಚತಿದ್ಲು. ಕಾಕು ಹೇಳಿದ್ದು ನನಗ ಎಲ್ಲಾ ನಿಯಮಕ್ಕಿಂತ ಹಳೇ ನಿಯಮ ಅನಸ್ತು. ಕಮಿಟಿ ಶ್ರಾವಣದಾಗ ಕೂಡೂದಿತ್ತು. ಒಂದೂವರಿ ತಿಂಗಳ ಮಾತು.

ಮ್ಯೂಸಿಯಂದಾಗ ಕ್ವಾರಂಟೈನ್ ಖೋಲಿ ರಜಿಸ್ಟರಿನಾಗಿನ ಫಾರ್ಮ್ ತುಂಬಿದೆ. ಎತ್ತರ, ಅಗಲ, ಬಣ್ಣ ಹಾರಿದ ಜಾಗ. ಕಡೀ ಸಾಲಿನಾಗ ಒಂದು ಪ್ರಶ್ನಿ ಇರತದ, ಒಳಗ ತಿನ್ನೂ ಪದಾರ್ಥ, ಕಾಳು, ಮಸಾಲಿ ಏನರ ಅದಾವೇನು ಅಂತ. ನನ್ನ ಕೈಲೆ "ಇಲ್ಲ" ಅಂತ ಬರದೆ. ಮೇಡಂ ನನ್ನ ಮ್ಯಾಲೆ ನಂಬಿಕಿ ಇಟ್ಟು ಬಾಜೂಕ ಸಹಿ ಮಾಡಿದ್ರು. ಗೌರಿಗೆ ಪ್ಲಾಸ್ಟಿಕ್ ಸುತ್ತಿ ಎಡಕಿನ ರ್‍ಯಾಕಿನ ಮ್ಯಾಲೆ ಕೂಡಸಿದೆ. ಸರ್ ಫೋಲಿಯೋ ಬಲಕಿನ ರ್‍ಯಾಕಿನಾಗ. ಖೋಲಿ ಒಂದೇ ರೀ, ನಮ್ಮದು ಸಣ್ಣ ಮ್ಯೂಸಿಯಂ. ನಡುವ ನಾಲ್ಕು ಹೆಜ್ಜಿ.

ಪ್ರತಿ ಶನಿವಾರ ನಾ ಆ ಖೋಲಿಗೆ ಹೋಗಿ ನೋಡಿ ರಜಿಸ್ಟರಿನಾಗ "ಏನೂ ಇಲ್ಲ" ಅಂತ ಬರೀಬೇಕು. ಬರೀತಿದ್ದೆ. ಮಳಿ ಹಿಡಕೊಂಡು ಕೂತಿತ್ತು, ಖೋಲ್ಯಾಗ ಒಂಥರಾ ಜಿಗಟ ಸೆಕಿ. ಪ್ಲಾಸ್ಟಿಕ್ಕಿನ ಒಳಗಿಂದ ಗೌರಿ ಕಣ್ಣು ಬಿಟ್ಟು ನೋಡತಿದ್ಲು. ಒಳಗ ಸ್ವಲ್ಪ ಮಂಜು ಕಟ್ಟಿತ್ತು, ಅಕಿ ಉಸಿರಾಡಿದಂಗ. ನಾ ಹೆಚ್ಚು ಹೊತ್ತು ಅಲ್ಲಿ ನಿಲ್ಲತಿರಲಿಲ್ಲ.

ಶ್ರಾವಣದಾಗ ಕಮಿಟಿ ಕೂಡಲಿಲ್ಲ, ಒಬ್ಬರು ಊರಾಗಿರಲಿಲ್ಲ. ಮುಂದ ಗಣಪತಿ ಅಂದ್ರು. ಗಣಪತಿ ಒಳಗ ಗೌರಿ ಹಬ್ಬ ಬಂತು. ಅವತ್ತು ಮುಂಜಾನೆ ನೀಲಮ್ಮ ಕಾಕು ಫೋನ್ ಮಾಡಿ ಕೇಳಿದ್ರು, ಇವತ್ತ ಅಕಿ ದಿನ, ಹೆಂಗಿದ್ದಾಳ, ಉಡಿ ಹಂಗೇ ಅದ ಅಲ್ಲ. ಅದ ಕಾಕು ಅಂದೆ. ಅಂದು, ಮನಸ ತಡೀಲಾರದೇ ಖೋಲಿಗೆ ಹೋದೆ.

ಪ್ಲಾಸ್ಟಿಕ್ಕಿನ ಕೆಳಗಿನ ಭಾಗದಾಗ, ಅಕಿ ಹೊಟ್ಟಿ ಕಡೆ, ಒಂದು ತೂತು. ಸೂಜಿ ಚುಚ್ಚಿದಂಗ ದುಂಡಗ, ಅಂಚು ಸಾಫ್. ಅದರ ಕೆಳಗ ರ್‍ಯಾಕಿನ ಮ್ಯಾಲೆ ಒಂದು ಚಿಟಿಕಿ ಕಂದು ಪುಡಿ. ನಾ ತಿಳಕೊಂಡೆ, ಎಲ್ಲೋ ಮೊಳಿ ತಾಗಿರಬೇಕು, ಕಟ್ಟಿಗಿ ಪುಡಿ ಇರಬೇಕು. ತಿಳಕೊಂಡೆ ಅನ್ನೂದು ಸುಳ್ಳು ರೀ, ಹಂಗ ಇರಲಿ ಅಂತ ಬೇಡಕೊಂಡೆ. ತೂತಿನ ಮ್ಯಾಲೆ ಟೇಪ್ ಹಚ್ಚಿದೆ. ಪುಡಿ ಊದಿದೆ. ರಜಿಸ್ಟರಿನಾಗ ಬರದೆ, ಏನೂ ಇಲ್ಲ.

ಗಣಪತಿ ಆದ ಮ್ಯಾಲೆ ಪಿತೃಪಕ್ಷ. ಆ ಹದಿನೈದು ದಿನ ಹೊಸದ್ದು ಮನಿಗೆ ತರೂದಿಲ್ಲ ಅಂತ ಕಮಿಟಿಯಾಗಿನ ಹಿರ್‍ಯಾರು ಒಬ್ಬರು ಹಟ ಹಿಡದ್ರು. ಮೇಡಂ ನಕ್ಕು ಸುಮ್ಮನಾದ್ರು, ಇದು ಮ್ಯೂಸಿಯಂ ಏನು ಗಂಡನ ಮನಿ ಏನು ಅಂತ ನನ್ನ ಮುಂದ ಅಂದ್ರು. ನನಗ ನಗು ಬರಲಿಲ್ಲ. ಆರು ವಾರ ಎಂದೋ ಮುಗದಿತ್ತು. ಮುಗದ ದಿನ ಪ್ಲಾಸ್ಟಿಕ್ ಬಿಚ್ಚಿ ಒಳಗೆಲ್ಲಾ ನೋಡಬೇಕು ಅನ್ನೂದು ನಿಯಮ. ನಾ ಹೊರಗಿಂದ ನೋಡಿ ಬಿಟ್ಟಿದ್ದೆ. ಬಿಚ್ಚಿದ್ರ ಉಡಿ ಕಾಣತದ. ಕಂಡ್ರ "ಇಲ್ಲ" ಅಂತ ಬರದದ್ದು ಕಾಣತದ.

ಆ ಪಕ್ಷದಾಗೇ ಕಿಡಕಿ ಕಟ್ಟಿ ಮ್ಯಾಲೆ ಮೊದಲನೇದನ್ನ ಕಂಡೆ. ರಾಗಿ ಕಾಳಿಗಿಂತ ತುಸು ದೊಡ್ಡದು, ಕಂದು ಬಣ್ಣ, ಮಣಿಯಂಗ ಹೊಳೀತಿತ್ತು. ಪೆನ್ಸಿಲ್ಲಿನಿಂದ ಮುಟ್ಟಿದೆ, ಅಲಗಾಡಲಿಲ್ಲ. ಸತ್ತದ ಅಂತ ಬಿಟ್ಟೆ. ಸತ್ತ ಹುಳ ಬರೂದು ಚಲೋ ಲಕ್ಷಣ ಅಂತ ಸೈತ ಅಂದುಕೊಂಡೆ. ಮರುವಾರ ನಾಲ್ಕು ಇದ್ದವು. ಅವೂ ಮುಟ್ಟಿದ್ರ ಸತ್ತಿದ್ದವು. ಆಮ್ಯಾಲೆ ಒಂದು ದಿನ ಮುಟ್ಟಿ, ಕೈ ಹಿಂದ ತಗೊಂಡು, ಬಾಗಿಲಿಗೆ ಆತು ನಿಂತು ಸುಮ್ಮನ ನೋಡಿದೆ. ಒಂದು ನಿಮಿಷ ಆಗಿರಬೇಕು. ಅದು ಮೆಲ್ಲಕ ತಲಿ ಹೊರಗ ತಗೀತು, ಕಾಲು ಬಿಡಸ್ತು, ನಡೀತು. ಮುಟ್ಟಿದಾಗ ಸತ್ತಂಗ ಬೀಳತಾವ ಅವು. ಪುಸ್ತಕದಾಗ ಓದಿದ್ದೆ ನಾ, ಓದಿದ್ದು ಆ ಹೊತ್ತಿನ್ಯಾಗ ನೆನಪಾತು. ಅರಿಸಿನ, ಮಸಾಲಿ, ತಂಬಾಕ, ಹಿಟ್ಟು, ಎಲ್ಲಾ ತಿಂತಾವ. ಪ್ಲಾಸ್ಟಿಕ್ ಕೊರೀತಾವ. ಹಿಟ್ಟಿನ ಅಂಟಿದ್ದ ರಟ್ಟು ಅಂದ್ರ ಅವುಕ್ಕ ಹಬ್ಬ.

ನಾಲ್ಕು ಹೆಜ್ಜಿ ಆಚಿ ಸರ್ ಫೋಲಿಯೋ ಇತ್ತು. ನಾ ತಗದು ನೋಡಲಿಲ್ಲ. ನೋಡೂ ಧೈರ್ಯ ಇರಲಿಲ್ಲ ರೀ, ಇದಕ್ಕ ಬ್ಯಾರೆ ಹೆಸರಿಲ್ಲ.

ದಸರಾ ಆದ ಮ್ಯಾಲೆ ಕಮಿಟಿ ತಾರೀಖು ಗಟ್ಟಿ ಆತು. ಅದರ ಹಿಂದಿನ ದಿನ ಮಧ್ಯಾಹ್ನ ಮೇಡಂ ಊಟಕ್ಕ ಹೋದಾಗ ನಾ ಗೌರಿನ್ನ ಬಿಚ್ಚಿದೆ. ಮುಚ್ಚಳ ತಗದು ಕೈ ಹಾಕಿದೆ. ನಿಮಗ ಕಾಯಸಿದ ಗಂಟು ಇದೇ. ಇಡೂ ಮುಂದ ಭಾರ ಇತ್ತು, ಈಗ ಹತ್ತಿಯಂಗ ಹಗುರ. ಹಳದಿ ಖಣದ ತುಂಬ ಸಣ್ಣ ಸಣ್ಣ ತೂತು. ಬಿಚ್ಚಿದೆ. ಅಕ್ಕಿ ಉಂಡಿ ಉಂಡಿಯಾಗಿ ಜೇಡರ ಬಲಿಯಂಥ ನೂಲಿನಾಗ ಸಿಕ್ಕಿತ್ತು. ಅರಿಸಿನ ಬೇರು ಐದೂ ಹಂಗೇ ಕಂಡವು, ಆಕಾರ ಹಂಗೇ, ಬಣ್ಣ ಹಂಗೇ. ಒಂದನ್ನ ಎರಡು ಬೆರಳಿನಾಗ ಹಿಡದೆ. ಪುಡಿ ಆತು. ಒಳಗ ಏನೂ ಇರಲಿಲ್ಲ, ಬರೇ ಸಿಪ್ಪಿ ನಿಂತಿತ್ತು. ಆ ಪುಡಿ ನನ್ನ ಅಂಗೈಯಾಗ ಸಣ್ಣಗ ಅಲಗಾಡಲತ್ತಿತ್ತು.

ಗಂಟನ್ನ ಮೂರು ಚೀಲದಾಗ ಸುತ್ತಿ ಕಸ ಒಯ್ಯೂ ಘಂಟಾಗಾಡಿ ಬಂದಾಗ ಅದರಾಗ ಹಾಕಿದೆ. ನೀಲಮ್ಮ ಕಾಕು ಮಗಳ ಉಡಿ. ಬ್ರಷ್ ತಗೊಂಡು ಗೌರಿ ಹೊಟ್ಟಿ ಝಾಡಸಿದೆ. ಅಕಿಗೆ ಏನೂ ಆಗಿರಲಿಲ್ಲ, ಅರಗಿನ ಬಣ್ಣ ಅಕಿನ್ನ ಕಾದಿತ್ತು.

ಮರುದಿನ ಕಮಿಟಿ ಮುಂದ ಮೊದಲ ಗೌರಿ. ಎಲ್ಲಾರೂ ಮೆಚ್ಚಿದ್ರು, ಐದು ನಿಮಿಷದಾಗ ಹೂಂ ಅಂದ್ರು. ಆಮ್ಯಾಲೆ ಮೇಡಂ ಕೈಗವಸ ಹಾಕ್ಕೊಂಡು ಸರ್ ಫೋಲಿಯೋ ಬಿಚ್ಚಿದ್ರು. ಮ್ಯಾಲಿನವು ಚಂದ ಇದ್ದವು, ಎಲ್ಲಾರೂ ಆಹಾ ಅಂದ್ರು. ಕೆಳಗ ಹೋದಂಗ ಮೇಡಂ ಕೈ ಸಾವಕಾಶ ಆತು. ಒಂದು ಹಾಳಿ ಎತ್ತಿದ್ರು, ಹಾಳಿ ಬಂತು, ರಟ್ಟು ಅಲ್ಲೇ ಉಳೀತು, ನಡುವಿನ ಅಂಟೆಲ್ಲಾ ಪುಡಿಯಾಗಿ ಮೇಜಿನ ಮ್ಯಾಲೆ ಸುರೀತು. ಬೆಳಕಿಗೆ ಹಿಡದ್ರು. ಮಾರುತಿ ಕೊರಳ ತನಕ ನೀರಿದ್ದ ಪೂರ ಅದು, ಸರ್ ಎಲ್ಲಾಕ್ಕಿಂತ ಹೆಚ್ಚು ಮಾತಾಡತಿದ್ದ ಚಿತ್ರ. ನೀರಿನ ತುಂಬ ತೂತು, ತೂತಿನಿಂದ ಬೆಳಕು ಬರಲತ್ತಿತ್ತು. ಮೇಜಿನ ಮ್ಯಾಲೆ ಒಂದು ಕಂದು ಮಣಿ ಬಿದ್ದು, ಸುಮ್ಮನ ಇದ್ದು, ಆಮ್ಯಾಲೆ ನಡೀತು.

ಎಣಿಸಿದ್ರ ಒಂಬತ್ತು ಹಾಳಿ ಹೋಗಿದ್ದವು. ಮನ್ಯಾಗ ಹಿಟ್ಟಿನ ಅಂಟು ಹಚ್ಚಿದ್ದು, ಅಲ್ಲಿಂದಲೇ ಹುಳ ಬಂದಾವ ಅಂತ ಅವರವರೇ ನಿಶ್ಚಯ ಮಾಡಿದ್ರು. ಮೇಡಂ ಒಬ್ಬರೇ ನನ್ನ ಕಡೆ ತಿರುಗಿ ಕೇಳಿದ್ರು, ತಂದಾಗ ನೋಡಿದ್ದಿ ಅಲ್ಲ, ಏನೂ ಇರಲಿಲ್ಲ ಅಲ್ಲ. ಒಳಗ ಇದ್ದಿರಬೇಕು ಮೇಡಂ, ಹೊರಗ ಕಾಣಲಿಲ್ಲ ಅಂದೆ.

ಹುಳ ಕೊಂದು ವಾಪಸ್ ಕಳಸೂದು ಅಂತ ಆತು. ಕಾಗದದಾಗಿನ ಹುಳಕ್ಕ ಥಂಡಿ ಮದ್ದು, ಚೀಲದಾಗ ಸೀಲ್ ಮಾಡಿ ಡೀಪ್ ಫ್ರೀಜರಿನಾಗ ಇಡಬೇಕು. ನಮ್ಮ ಬಲ್ಲಿ ಫ್ರೀಜರ್ ಇಲ್ಲ. ನಾನೇ ಓಡಿ ಹೋಗಿ ನಾಷ್ಟಾ ಮಾಡೂ ಹೋಟೆಲಿನ ಶೆಟ್ರ ಕಾಲು ಹಿಡದೆ. ಕುಂದಾಪುರದವ್ರು. "ಇದು ಬಟಾಣಿ ಇಡುವ ಪೆಟ್ಟಿಗೆ ಮಾರಾಯ್ತಿ, ಇದರಲ್ಲಿ ನದಿ ಇಡ್ತೀಯಾ," ಅಂದ್ರು, ಅಂದು ಒಂದು ಸಣ್ಣ ಹಳೇ ಫ್ರೀಜರ್ ಪೂರಾ ಖಾಲಿ ಮಾಡಿ ಕೊಟ್ರು. ಎರಡು ವಾರ ಮೂವತ್ತೊಂದು ಪೂರ ಅದರಾಗ ಬರ್ಫ ಹಿಡಕೊಂಡು ಕೂತವು. ಆಮ್ಯಾಲೆ ಟೆಂಪೋದಾಗ ನಾಶಿಕಕ್ಕ ಹೋದವು, ಜೋಡಿ ಒಂದು ಪತ್ರ. ನಿಮ್ಮ ಕೃತಿಗಳಾಗ ಹುಳ ಕಂಡದ್ದಕ್ಕ ಸ್ವೀಕರಿಸಲಾಕ ಆಗೂದಿಲ್ಲ, ಬ್ಯಾರೆ ಕಾಗದದ ಜೋಡಿ ಇಡಬ್ಯಾಡ್ರಿ. ಥಂಡಿಯಾಗ ಹುಳ ಸತ್ತಾವ ಅಂತ ಅದರಾಗ ಬರದಿರಲಿಲ್ಲ. ಟೈಪ್ ಮಾಡಿದಾಕಿ ನಾ. ಜೋಡಿ ಹೋಗು ಅಂದ್ರು ಮೇಡಂ, ಜ್ವರ ಅಂತ ಹೇಳಿ ಮನ್ಯಾಗ ಮಲಗಿದೆ.

ನಾಲ್ಕು ದಿನ ಬಿಟ್ಟು ಮುಂಜಾನೆ ಶಿರಸಾಠ ಸರ್ ಫೋನ್. ಸಿಟ್ಟಿರಲಿಲ್ಲ ದನಿಯಾಗ. ಸಣ್ಣ ದನಿ, ನಾಚಕಿ ಪಟ್ಟವರಂಗ.

"ಪಲ್ಲವಿ, ನಿನ್ನ ಕೆಲಸಕ್ಕ ತ್ರಾಸ ಆಗಿಲ್ಲ ಅಲ್ಲ ನನ್ನಿಂದ? ಒಂದು ಕೇಳೂದಿತ್ತು. ಸುಟ್ರ ಈ ಹುಳ ಪೂರಾ ಸಾಯತಾವೇನು, ತತ್ತಿ ಸೈತ? ನನ್ನ ಮಗಳು ಶಾಲಿ ಗ್ರಂಥಾಲಯದಾಗ ಕೆಲಸ ಮಾಡತಾಳ. ನನ್ನ ಮನಿಯಿಂದ ಅಲ್ಲಿಗೆ ಹೋಗಬಾರದು ನೋಡು. ಇಷ್ಟು ವರ್ಷ ಹುಡುಗರಿಗೆಲ್ಲಾ ಇದೇ ಕಪಾಟಿಂದ ಕಾಗದ ಕೊಟ್ಟೀನಿ, ನನಗ ಗೊತ್ತೇ ಆಗಲಿಲ್ಲ."

ಸರ್ ಏನೂ ಮಾಡಬ್ಯಾಡ್ರಿ, ನಾ ಬರತೀನಿ ಅಂದೆ. ಫೋನ್ ಇಟ್ಟು ಸೀದಾ ಮೇಡಂ ಖೋಲಿಗೆ ಹೋಗಿ ಎಲ್ಲಾ ಹೇಳಿದೆ, ಉಡಿ, ತೂತು, ಟೇಪ್, ಘಂಟಾಗಾಡಿ. ಮೇಡಂ ರಜಿಸ್ಟರ್ ತಗದು ಆ ಪುಟ ಹುಡುಕಿ ನನ್ನ ಮುಂದ ಇಟ್ರು, ಕೆಂಪು ಪೆನ್ ಕೊಟ್ರು. ಮ್ಯೂಸಿಯಂ ರಜಿಸ್ಟರಿನಾಗ ಅಳಿಸಲಾಕ ಬರೂದಿಲ್ಲ, ಬಿಳಿ ಹಚ್ಚಲಾಕ ಬರೂದಿಲ್ಲ. ತಪ್ಪಿದ್ದನ್ನ ಒಂದೇ ಗೆರಿಯಿಂದ ಹೊಡೀಬೇಕು, ಮೊದಲ ಬರದದ್ದು ಯಾವಾಗ್ಲೂ ಓದಲಾಕ ಬರಬೇಕು. "ಇಲ್ಲ" ಮ್ಯಾಲೆ ಒಂದು ಗೆರಿ ಎಳದೆ. ಬಾಜೂಕ "ಅದ" ಅಂತ ಬರದು ಸಹಿ ಮಾಡಿದೆ. ಪ್ರತಿ ಶನಿವಾರದ "ಏನೂ ಇಲ್ಲ" ಮ್ಯಾಲೂ ಒಂದೊಂದು ಗೆರಿ.

ಬಸ್ಸಿನಾಗ ಕೂತೆ. ಸರ್‌ಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ವೈಜಾಪುರದಾಗ ಹಚ್ಚಿದೆ, ಯೇವಲಾದಾಗ ಹಚ್ಚಿದೆ. ಗಂಟಿ ಹೋಗತಿತ್ತು, ನಿಲ್ಲತಿತ್ತು. ಫೋನಿನಾಗೇ ಹೇಳಿಬಿಡಬೇಕಿತ್ತು ನಾ, ನಾನೇ ಅಂತ. ಮಾರಿ ನೋಡಿ ಹೇಳಬೇಕು ಅನ್ನೂದು ಒಂದು ದೊಡ್ಡಸ್ತನ ಅಂದುಕೊಂಡಿದ್ದೆ. ಆ ದೊಡ್ಡಸ್ತನಕ್ಕ ಐದು ತಾಸು ಹಿಡೀತು.

ಪಂಚವಟಿ ಓಣಿ ಹೊಕ್ಕಾಗಲೇ ವಾಸನಿ ಬಂತು. ಸರ್ ಮನಿ ಹಿತ್ತಲದಾಗ ನೀರು ಕಾಸೂ ತಾಮ್ರದ ಬಂಬ ಅದ. ಅದರ ಮುಂದ ಸಣ್ಣ ಮಣಿ ಹಾಕ್ಕೊಂಡು ಸರ್ ಕೂತಿದ್ರು. ಬಾಜೂಕ ಫೋಲಿಯೋ ತಗದಿತ್ತು. ಫೋನ್ ಒಳಗ ಎಲ್ಲೋ ಇತ್ತು. ತೂತು ಬಿದ್ದ ಒಂಬತ್ತೂ ಮೊದಲೇ ಬೆಂಕಿಗೆ ಹೋಗಿದ್ದವು. ಅವುಕ್ಕ ಹತ್ತಿಕೊಂಡು ಇದ್ದವು, ಒಂದು ತೂತೂ ಇಲ್ಲದವು, ಅವನ್ನೂ ಹಾಕಲತ್ತಿದ್ರು, ಖಾತ್ರಿ ಇರಲಿ ಅಂತ. ನಾ ಹೋದಾಗ ಕೈಯಾಗ ಒಂದಿತ್ತು.

ನಿಂತಲ್ಲೇ ಹೇಳಿದೆ. ಹುಳ ನಿಮ್ಮದಲ್ಲ ಸರ್, ನಾ ತಂದದ್ದು. ಎಲ್ಲಾ ಹೇಳೂ ತನಕ ಸರ್ ಬಂಬದ ಬಾಯಿನೇ ನೋಡಲತ್ತಿದ್ರು. ಆಮ್ಯಾಲೆ ಕೈಯಾಗಿನ ಹಾಳಿ ತೊಡಿ ಮ್ಯಾಲೆ ಇಟ್ಟುಕೊಂಡು, ಮಸಿ ಬೆರಳು ತಾಗದಂಗ ಅಂಗಿಯಿಂದ ಅಂಚು ಒರಸಿದ್ರು. ಭಾಳ ಹೊತ್ತು ಒರಸಿದ್ರು.

"ಚಿಖಲ ಆತು, ಪಲ್ಲವಿ," ಅಂದ್ರು.

ಉಳದವು ಹದಿನಾರು. ಸರ್ ಒಂದೊಂದೇ ಎಣಿಸಿ ಒಳಗ ಒಯ್ದು ಅದೇ ಸ್ಟೀಲ್ ಕಪಾಟಿನಾಗ ಇಟ್ರು, ಲವಂಗದ ಗಂಟು ಇಟ್ರು, ಕೀಲಿ ಹಾಕಿದ್ರು. ಚಹಾ ಕುಡದು ಹೋಗು ಅಂದ್ರು. ಕುಡದೆ.

ಮೇಡಂ ಎರಡನೇ ಪತ್ರ ಬರದ್ರು, ಕ್ಷಮಾ ಕೇಳಿ, ಉಳದದ್ದನ್ನ ಮರ್ಯಾದಿಯಿಂದ ಕೇಳಿ. ಸರ್ ಇವತ್ತಿಗೂ ಉತ್ತರ ಕೊಟ್ಟಿಲ್ಲ. ನನ್ನ ಕೆಲಸ ಉಳೀತು, ರಜಿಸ್ಟರ್ ನನ್ನ ಕೈಯಾಗ ಉಳೀಲಿಲ್ಲ. ಹೊಸದಾಗಿ ಯಾರೇ ಕಲೀಲಾಕ ಬಂದ್ರೂ ಮೇಡಂ ಮೊದಲ ಆ ಪುಟ ತಗದು ತೋರಸತಾರ, ನನ್ನ ಹೆಸರ ಹೇಳೂದಿಲ್ಲ, ಸಹಿ ತಾನೇ ಹೇಳತದ. ಗೌರಿ ಗಾಜಿನ ಪೆಟಿಗ್ಯಾಗ ನಂಬರ್ ಹಚ್ಚಿಕೊಂಡು ಕೂತಾಳ, ಮಂದಿ ಫೋಟೋ ತಗೀತಾರ. ನೀಲಮ್ಮ ಕಾಕು ಹಬ್ಬಕ್ಕೊಮ್ಮೆ ಕೇಳತಾರ, ಉಡಿ ಬಿಚ್ಚಿದಿ ಅಲ್ಲವ್ವ ಅಂತ. ಬಿಚ್ಚಿದೆ ಕಾಕು ಅಂತೀನಿ. ಮುಂದಿಂದು ಅವರಿಗೆ ಇನ್ನೂ ಹೇಳಿಲ್ಲ. ಇದನ್ನ ಯಾರರ ಓದಿ ಅವರಿಗೆ ಹೇಳೂದಕ್ಕಿಂತ ಮೊದಲ ನಾನೇ ಲಾಸಲಗಾಂವಕ್ಕ ಹೋಗಬೇಕು.

ಈಗ ಮತ್ತ ಮಳಿ ಹತ್ತ್ಯಾದ. ನಿನ್ನೆ ಗಂಗಾಪುರ ಡ್ಯಾಮಿನ ನೀರು ಬಿಟ್ರು, ಮಾರುತಿ ಟೊಂಕದ ತನಕ ಬಂತು. ನಾ ರಾಮಕುಂಡಕ್ಕ ಹೋಗಿದ್ದೆ. ಆ ಮಾಳಿಗಿ ಕಡೆ ನೋಡಿದೆ. ಮೂಲಿ ಖಾಲಿ ಇತ್ತು.

ನೀವು ಯಾರನ್ನರ ನಂಬಿ ಒಂದು ವಸ್ತು ಅವರ ಕೈಯಾಗ ಇಟ್ಟಿದ್ರ, ಅಥವಾ ನನ್ನಂಗ ಯಾರದರ ವಸ್ತು ಇಸಕೊಂಡು ಕಾಯಲಾಕ ಆಗದೇ ಹೋಗಿದ್ರ, ಆಮ್ಯಾಲೆ ಏನಾತು ಅಂತ ಕೆಳಗ ಬರೀರಿ. ಇಸಕೊಂಡವ್ರು ಹೋಗಿ ಏನು ಹೇಳಿದ್ರು, ಕೊಟ್ಟವ್ರು ಮತ್ತ ಬಾಗಿಲ ತಗದ್ರೋ ಇಲ್ಲೋ, ಅದನ್ನ ತಪ್ಪದೇ ಬರೀರಿ. ಲಾಸಲಗಾಂವದ ಬಸ್ ಹತ್ತೂಕಿಂತ ಮೊದಲ ಎಲ್ಲಾ ಓದತೀನಿ.